ಸರತಿ ತಪ್ಪಿಸದ ಶಿಮೊಮುರಾ

ನಮ್ಮ ಮೂರನೆಯ ಬ್ಲಾಕಿನ ಮೆಟ್ಟಿಲಿಗೆ ಹತ್ತು ಮನೆ. ಮಹಡಿಗೆ ಎರಡರಂತೆ ಐದು ಮಹಡಿ, ಲಿಫ್ಟ್ ಇಲ್ಲ. ನಾನು ಎರಡನೆಯ ಮಹಡಿಯ ಎಡಗಡೆ. ಎದುರು ಮನೆಯಲ್ಲಿ ಕುರೆಬಾಯಾಶಿ ಮಾಸಾಯೊ. ನನ್ನ ತಲೆಯ ಮೇಲಿನ ಮನೆ ಶಿಮೊಮುರಾ ತೊಮೆಜಿ ಅವರದು. ಯಾಯಿಜು ಬಂದರಿನಿಂದ ಟ್ಯೂನಾ ಹಡಗು ಹತ್ತಿ ಮೂವತ್ತನಾಲ್ಕು ವರ್ಷ ರೇಡಿಯೋ ಕೆಲಸ ಮಾಡಿದವರು. ಈ ಬರಹ ಅವರ ಬಗ್ಗೆ. ಅವರು ಬರೆದುಕೊಳ್ಳುವವರಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ. ನನ್ನ ಓದು ಅಷ್ಟಕ್ಕಷ್ಟೆ. ಆದರೆ ಕಣ್ಣಿಂದ ನೋಡಿದ್ದನ್ನು, ಎಣಿಸಿದ್ದನ್ನು ಮಾತ್ರ ಬರೆಯುತ್ತೇನೆ.

ಸಾಂಕ್ರಾಮಿಕ ಬಂದ ಎರಡನೆಯ ವರ್ಷ, ನವೆಂಬರ್. ಆ ವರ್ಷ ಮೆಟ್ಟಿಲಿನ ಪಾಳಿ ನನ್ನದಾಗಿತ್ತು. ಪಾಳಿ ಎಂದರೆ ದೊಡ್ಡ ಕೆಲಸವೇನಲ್ಲ. ಸುತ್ತೋಲೆಯ ಹಲಗೆ ಮನೆಯಿಂದ ಮನೆಗೆ ಹೋಗಿ ತಿರುಗಿ ಬಂತೇ ಎಂದು ನೋಡಬೇಕು. ಕಸದ ದಿನ ಬದಲಾಗಿದೆ, ನೀರಿನ ತೊಟ್ಟಿ ತೊಳೆಯುತ್ತಾರೆ, ಇಂಥವು ಅದರಲ್ಲಿರುತ್ತವೆ. ಓದಿ, ತಮ್ಮ ಹೆಸರಿನ ಚೌಕದಲ್ಲಿ ಮುದ್ರೆ ಒತ್ತಿ, ಪಕ್ಕದ ಮನೆಯ ಬಾಗಿಲಿಗೆ ತೂಗುಹಾಕುವುದು. ಶಿಮೊಮುರಾ ಅವರ ಮನೆಯಲ್ಲಿ ಆ ಹಲಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ನಿಂತದ್ದನ್ನು ನಾನು ಹದಿನೆಂಟು ವರ್ಷದಲ್ಲಿ ಕಂಡಿಲ್ಲ. ಆ ಸಲ ಸೋಮವಾರ ಹೋದ ಹಲಗೆ ಗುರುವಾರವಾದರೂ ಮೇಲಿನ ಮಹಡಿಗೆ ಏರಲಿಲ್ಲ.

ಮಧ್ಯಾಹ್ನ ಹತ್ತಿ ಹೋಗಲು ಹೊರಟೆ. ಮಾಸಾಯೊ ತನ್ನ ಬಾಗಿಲು ಅರ್ಧ ತೆಗೆದು ಮುಖ ಹೊರಹಾಕಿದಳು.

"ಅಮಾನೊ ಸಾನ್, ಮೇಲಕ್ಕಾ? ಹೋಗಿ ಕೇಳಿ ಸ್ವಲ್ಪ. ಮನೇಲೇನು ಗುಡಿ ಕಟ್ಟಿದಾರಾ ಅಂತ. ಬೆಳಗಿಂದ ಸಾಯಂಕಾಲದವರೆಗೂ ಪೊಂಯ್ ಪೊಂಯ್ ಪೊಂಯ್. ಯಾವ ದೇವ್ರಿಗೆ ಅಷ್ಟೊಂದು ಗಂಟೆ ಬೇಕು?"

"ಟಿವಿ ಇರಬಹುದು."

"ಟಿವಿ ಅಂತೆ. ನನ್ನ ಕಿವಿ ಎಂಬತ್ತಕ್ಕೆ ಕಾಲಿಟ್ಟಿದೆ, ಸತ್ತಿಲ್ಲ ಇನ್ನೂ."

ಬಾಗಿಲು ತಟ್ಟಿದಾಗ ಒಳಗಿಂದ "ಬನ್ನಿ" ಎಂದರು, ಏಳಲಿಲ್ಲ. ಕಿಟಕಿಯ ಪಕ್ಕದ ಕುಳ್ಳ ಮೇಜಿನ ಮೇಲೆ ಒಂದು ಹಳೆಯ ಮಡಚುವ ಕಂಪ್ಯೂಟರ್. ಅದರ ಪಕ್ಕದಲ್ಲಿ ಗೆರೆ ಎಳೆದ ದಪ್ಪ ಪುಸ್ತಕ. ಅವರ ಕೈಯಲ್ಲಿ ಚೂಪು ಮಾಡಿದ ಪೆನ್ಸಿಲ್. ಸುತ್ತೋಲೆಯ ಹಲಗೆ ಮೇಜಿನ ಎಡಗಡೆ, ಬೇರೆ ಕಾಗದಗಳ ಕೆಳಗೆ, ಸರತಿಯಲ್ಲಿತ್ತು.

"ಹಲಗೆಗೆ ಬಂದ್ರಿ ಅಲ್ವಾ. ಅದರ ಪಾಳಿ ಇನ್ನೂ ಬಂದಿಲ್ಲ. ಕ್ಷಮಿಸಿ," ಎಂದರು.

ಅಷ್ಟರಲ್ಲಿ ಪೊಂಯ್ ಎಂದಿತು. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಸಣ್ಣ ಚೌಕ ಎದ್ದು ನಿಂತಿತು. ಅವರು ಗೋಡೆಯ ಗಡಿಯಾರ ನೋಡಿದರು, ಪುಸ್ತಕದಲ್ಲಿ ಬರೆದರು. ಬರೆದು ಮುಗಿಯುವ ಮೊದಲೇ ಇನ್ನೊಂದು ಪೊಂಯ್.

ನಾನು ಪಕ್ಕದಲ್ಲಿ ಮಂಡಿಯೂರಿ ಕೂತು ಪುಸ್ತಕ ನೋಡಿದೆ. ಕಾಂಜಿ ಎನ್ನುವ ಕ್ಲಿಷ್ಟ ಅಕ್ಷರ ನನಗೆ ಬರುವುದಿಲ್ಲ. ಅವರು ಹಡಗಿನ ತಂತಿ ಬರೆಯುವ ರೂಢಿಯಲ್ಲಿ ಎಲ್ಲವನ್ನೂ ಉಚ್ಚಾರದಂತೆ ಬರೆಯುವ ಸರಳ ಅಕ್ಷರದಲ್ಲೇ ಬರೆದಿದ್ದರು, ಓದಲು ಆಯಿತು.

ಒಂದು ಗಂಟೆ ಹನ್ನೆರಡು ನಿಮಿಷ. ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಇವೆ. ಸ್ವೀಕರಿಸಿದೆ.

ಒಂದು ಗಂಟೆ ಹದಿಮೂರು. ಅಭಿನಂದನೆ, ನಿಮಗೆ ಬಹುಮಾನ ಬಂದಿದೆ. ಸ್ವೀಕರಿಸಿದೆ.

ಒಂದು ಗಂಟೆ ಹದಿಮೂರು. ಮಂಡಿನೋವಿಗೆ ವೈದ್ಯರು ಹೇಳದ ಗುಟ್ಟು. ಸ್ವೀಕರಿಸಿದೆ.

ಒಂದು ಗಂಟೆ ಹದಿನಾರು. ನಿಮ್ಮ ಹತ್ತಿರದಲ್ಲಿರುವ ಯುಮಿಕಾ ನಿಮ್ಮ ಉತ್ತರಕ್ಕೆ ಕಾಯುತ್ತಿದ್ದಾಳೆ. ಸ್ವೀಕರಿಸಿದೆ.

"ಈ ಯುಮಿಕಾ ಯಾರು?" ಎಂದೆ.

"ಗೊತ್ತಿಲ್ಲ. ದಿನಾ ಕರೀತಾಳೆ. ಉತ್ತರ ಕೊಡೋದು ಹೇಗೆ ಅಂತ ತಿಳೀಲಿಲ್ಲ."

ಅವರ ದನಿಯಲ್ಲಿ ನಗುವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಮುಖ ನೀರು ಬತ್ತಿದ ಪಾತ್ರೆಯ ಹಾಗೆ ಇತ್ತು. ಒಲೆಯ ಮೇಲೆ ಅನ್ನ ಮಾಡಿದ ಗುರುತು ಕಾಣಲಿಲ್ಲ. ಕಸದ ಚೀಲದಲ್ಲಿ ಬ್ರೆಡ್ಡಿನ ಹೊದಿಕೆಗಳೇ ಇದ್ದವು, ಏಳೆಂಟು.

ಇವರ ಹೆಂಡತಿ ಸುಮಿಯೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳಿಲ್ಲ. ಗಂಡ ಕಡಲಿಗೆ ಹೋದರೆ ಹತ್ತು ತಿಂಗಳು, ಒಂದು ವರ್ಷ. ಸುಮಿಯೆ ನಮ್ಮ ಜೊತೆ ಒಣಮೀನು ಹೆರೆಯುವ ಕಾರ್ಖಾನೆಯಲ್ಲಿದ್ದಳು. ನನ್ನ ಬಲಕ್ಕೆ ಅವಳ ಮಣೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳು ಹೇಳಿ ನಗಿಸುತ್ತಿದ್ದ ಒಂದು ಕತೆ ಇದೆ. ಮದುವೆಯಾದ ನಾಲ್ಕನೆಯ ವರ್ಷ ಅವಳಿಗೆ ಗರ್ಭ ನಿಂತು, ಇಳಿದುಹೋಯಿತು. ಆಸ್ಪತ್ರೆಯಿಂದ ಹಡಗಿಗೆ ತಂತಿ ಹೋಯಿತು. ಆಗ ಹಡಗು ಆಫ್ರಿಕಾದ ತುದಿಯಲ್ಲಿತ್ತು. ಶಿಮೊಮುರಾ ಅವರು ಉತ್ತರ ಬರೆದರು. ಅವತ್ತು ಹಡಗಿನವರೆಲ್ಲ ಹೊಸ ವರ್ಷದ ತಂತಿ ಕೊಟ್ಟಿದ್ದರು, ಹದಿನಾರು ಮುಂದೆ ಇದ್ದವು. ಇವರು ತಮ್ಮ ತಂತಿಯನ್ನು ಹದಿನೇಳನೆಯದಾಗಿ ಇಟ್ಟರು. ಹವೆ ಕೆಟ್ಟಿತ್ತು, ಒಂಬತ್ತು ಹೋಗಿ ದಾರಿ ಮುಚ್ಚಿತು. ಉಳಿದವು ಎರಡು ದಿನ ಬಿಟ್ಟು ಬಂದವು.

"ನನ್ನ ಗಂಡ ನನ್ನನ್ನ ಹದಿನೇಳನೇ ಹೆಂಡ್ತಿ ಮಾಡಿದ್ರು ಕಣ್ರೇ," ಎನ್ನುತ್ತಿದ್ದಳು ಸುಮಿಯೆ, ಸಾರ್ವಜನಿಕ ಸ್ನಾನದ ಮನೆಯಲ್ಲಿ ಎಲ್ಲರ ಎದುರು. "ಅಡುಗೆಯವನ ಅತ್ತೆಗೂ ನನಗಿಂತ ಮುಂಚೆ ಶುಭಾಶಯ ಸಿಕ್ತು!"

ಶಿಮೊಮುರಾ ಅವರಿಗೆ ಅದು ತಪ್ಪೆಂದು ಯಾವತ್ತೂ ಅನ್ನಿಸಿರಲಿಲ್ಲ. ಸಂದೇಶ ಬಂದ ಸರತಿಯಲ್ಲೇ ಹೋಗಬೇಕು. ತನ್ನದೆಂದು ಮುಂದೆ ನೂಕುವ ರೇಡಿಯೋದವನ ಕೈಗೆ ಯಾರೂ ತಂತಿ ಕೊಡುವುದಿಲ್ಲ. ಹಡಗಿನಲ್ಲಿದ್ದ ನನ್ನ ಯಜಮಾನರ ತಂತಿಗಳೂ ಒಂದು ಕಾಲದಲ್ಲಿ ಅವರ ಕೈಯಿಂದಲೇ ಬಂದಿದ್ದವು. ಒಂದೂ ತಪ್ಪಲಿಲ್ಲ. ಇದನ್ನು ನಾನು ಮರೆಯುವ ಹಾಗಿಲ್ಲ.

ಸುಮಿಯೆಗೆ ಮರೆವು ಶುರುವಾಗಿ ಆರು ವರ್ಷ. ತೊಳೆಯುವ ಯಂತ್ರಕ್ಕೆ ಅಕ್ಕಿ ಹಾಕಿದಳು. ಬಂದರಿಗೆ ಹೋಗುತ್ತೇನೆ, ಹಡಗು ಬಂತು ಎಂದು ಬರಿಗಾಲಲ್ಲಿ ಹೊರಟಳು. ಹಿಂದಿನ ವರ್ಷ ಬೆಟ್ಟದ ಬುಡದ ಆರೈಕೆ ಮನೆಗೆ ಸೇರಿಸಿದರು. ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ಕಾಯಿಲೆಯ ಕಾಲವಾದ್ದರಿಂದ ಭೇಟಿ ಗಾಜಿನ ಆಚೆಯಿಂದ, ಹದಿನೈದು ನಿಮಿಷ, ವಾರಕ್ಕೆ ಆರು ಕುಟುಂಬಕ್ಕೆ ಮಾತ್ರ. ಜಾಗ ತೆರೆದಾಗ ಆರೈಕೆ ಮನೆಯ ಪುಟದಿಂದ ಕಂಪ್ಯೂಟರಿಗೆ ನೋಟಿಫಿಕೇಶನ್ ಬರುತ್ತದೆ. ಮೊದಲು ಒತ್ತಿದ ಆರು ಜನಕ್ಕೆ ಜಾಗ. ಫೋನಿನಲ್ಲಿ ತೆಗೆದುಕೊಳ್ಳುವುದಿಲ್ಲ. ಅದಕ್ಕೆಂದೇ ಶಿಮೊಮುರಾ ಅವರು ಆ ಹಳೆಯ ಯಂತ್ರ ತಂದದ್ದು. ಆರೈಕೆ ಮನೆಯ ಹುಡುಗಿ ತೋರಿಸಿಕೊಟ್ಟಿದ್ದಳಂತೆ: ಮೇಲೆ ಎಡಗಡೆ ಒಂದು ಚೌಕ ಬಂದು ಕೇಳುತ್ತದೆ, 'ಅನುಮತಿಸಿ' ಎನ್ನುವುದನ್ನು ಒತ್ತಿ ಅಜ್ಜಾ, ಆಗ ಸಂದೇಶ ಬರುತ್ತದೆ.

ಅವರು ಒತ್ತಿದರು. ಸೆಪ್ಟೆಂಬರಿನಲ್ಲಿ ಎರಡು ಸಲ ಭೇಟಿ ಸಿಕ್ಕಿತು.

"ಆಮೇಲೆ?" ಎಂದು ಕೇಳಿದೆ.

"ಆಮೇಲೆ ಮರೆವಿನ ಬಗ್ಗೆ ಓದೋಣ ಅಂತ ಹುಡುಕಿದೆ. ಹೆಂಡತಿ ಗಂಡನ್ನ ಗುರುತು ಹಿಡೀದಿದ್ರೆ ಏನ್ ಮಾಡ್ಬೇಕು ಅಂತ. ತುಂಬಾ ಪುಟ ಬಂದ್ವು. ಪ್ರತಿಯೊಂದೂ ಹಾಗೇ ಕೇಳ್ತು, ಮೇಲೆ ಎಡಗಡೆ. ಸಂದೇಶ ಕಳಿಸ್ಲಾ ಅಂತ."

"ಎಲ್ಲಕ್ಕೂ ಒತ್ತಿದ್ರಾ?"

"ಒಂದು ಹಡಗು ಮಾತಾಡ್ಲಾ ಅಂತ ಕೇಳಿದ್ರೆ ಬೇಡ ಅನ್ನೋಕಾಗುತ್ತಾ ಅಮಾನೊ ಸಾನ್? ಆಚೆ ಯಾರಿದಾರೋ, ಏನಾಗಿದ್ಯೋ. ಹೇಳಿ ಅನ್ಬೇಕು."

"ಇದು ಹಡಗಲ್ಲವಲ್ಲ."

"ಹಡಗೋ ಅಲ್ವೋ, ಕೇಳಿಸ್ಕೊಳ್ಳದೆ ಗೊತ್ತಾಗಲ್ಲ."

ಒಂದು ಸಲ ಮಾತ್ರ ನಿಲ್ಲಿಸಲು ನೋಡಿದರಂತೆ. 'ಕಿರಿಕಿರಿಯ ಸಂದೇಶ ನಿಲ್ಲಿಸಬೇಕೆ? ಇಲ್ಲಿ ಒತ್ತಿ' ಎಂದು ಒಂದು ಚೌಕವೇ ಬಂದಿತ್ತು. ಒತ್ತಿದ ಮೇಲೆ ಎರಡರಷ್ಟಾಯಿತು.

"ಭೇಟಿಯ ಸಂದೇಶ ಇವುಗಳ ಗಲಾಟೇಲಿ ಕಾಣಿಸ್ಲೇ ಇಲ್ವಾ?"

"ಕಾಣಿಸ್ತು. ಪ್ರತಿ ವಾರ ಬಂದಿದೆ. ಬರೆದಿಟ್ಟಿದೀನಿ."

ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ನಾನು ಬೆರಳಿಟ್ಟು ಹುಡುಕಿದೆ. ನಿಧಾನವಾಯಿತು, ಸಿಕ್ಕಿತು. ಅಕ್ಟೋಬರ್ ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನವೆಂಬರ್ ನಾಲ್ಕು, ಇವತ್ತು ಹನ್ನೊಂದು. ಆರೂ ಗುರುವಾರ. ಇವತ್ತಿನ ಸಾಲು ಹೀಗಿತ್ತು: ಹತ್ತು ಗಂಟೆ ನಲವತ್ತು ನಿಮಿಷ. ಗಾಜಿನ ಭೇಟಿಗೆ ಶನಿವಾರ ಜಾಗ ತೆರೆದಿದೆ. ಸ್ವೀಕರಿಸಿದೆ. ಅದರ ಮುಂದೆ ಇನ್ನೊಂದು ಸಮಯ: ಹನ್ನೊಂದು ಮೂವತ್ತೈದು. ತೆರೆದು ನೋಡಿದೆ. ಭರ್ತಿಯಾಗಿದೆ.

"ಈ ಐವತ್ತೈದು ನಿಮಿಷ ಏನ್ ಮಾಡ್ತಿದ್ರಿ?"

"ಮುಂದೆ ಇಪ್ಪತ್ತೇಳು ಇದ್ವು," ಎಂದರು. "ಒಂದಕ್ಕೆ ಎರಡು ನಿಮಿಷ. ತೆರೆದು, ಪೂರ್ತಿ ಓದಿ, ಮುಚ್ಬೇಕಲ್ಲ."

ನನಗೆ ಕೂತಲ್ಲೇ ಕಾಲು ಜೋಮು ಹಿಡಿದಿತ್ತು. ಎದ್ದು ನಿಂತೆ.

"ಶಿಮೊಮುರಾ ಸಾನ್. ಸುಮಿಯೆ ಸಾನ್ ಸಂದೇಶ ಬಂತು. ನೀವು ನೋಡಿದ್ರಿ. ನೋಡಿ, ಐದು ವೈರಸ್‌ನ ಹಿಂದೆ ನಿಲ್ಲಿಸಿದ್ರಿ."

"ಸರತಿ ಅದು."

"ಆ ಯುಮಿಕಾನ ಹಿಂದೆ."

ಅವರು ಪೆನ್ಸಿಲಿನ ತುದಿ ನೋಡಿದರು. ಆರು ವಾರ ಹೆಂಡತಿಯ ಮುಖ ನೋಡಿರಲಿಲ್ಲ. ಆರೈಕೆ ಮನೆಯ ಹುಡುಗಿ ಫೋನ್ ಮಾಡಿ ಹೇಳಿದ್ದಳಂತೆ, ಅಜ್ಜಿ ಈಗ ಮಾತು ಕಡಿಮೆ ಮಾಡಿದ್ದಾರೆ, ಗಂಜಿಯೂ ಅರ್ಧ ಬಟ್ಟಲು, ಆದಷ್ಟು ಬೇಗ ಒಂದು ಸಲ ಬನ್ನಿ ಎಂದು. ಹಾಗಾದರೆ ನೀನೇ ಜಾಗ ಕೊಡು ಎಂದು ಇವರು ಕೇಳಲಿಲ್ಲ. ಎಲ್ಲರಿಗೂ ಒಂದೇ ನಿಯಮ ಎಂದು ಇವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇವನ್ನೆಲ್ಲ ನಿಲ್ಲಿಸಲು ಬರುತ್ತದೆ ಎಂದು ನಾನು ಹೇಳಿದೆ. ಆ ಬೇಸಿಗೆ ಸಭಾಮಂದಿರದಲ್ಲಿ ಮುದುಕರಿಗೆ ಕಂಪ್ಯೂಟರ್ ಪಾಠ ಇಟ್ಟಿದ್ದರು, ನಾಲ್ಕು ಮಂಗಳವಾರ. ಬಿಟ್ಟಿ ಚಹಾ ಇತ್ತು, ಹೋಗಿದ್ದೆ. ಮೂರನೆಯ ಮಂಗಳವಾರ ಇದನ್ನೇ ಕಲಿಸಿದ್ದರು. ಅಕ್ಷರ ಬಾರದ ಕಡೆ ನಾನು ಚಿತ್ರ ಬರೆದುಕೊಂಡಿದ್ದೆ.

"ಬೇಡ," ಎಂದರು. "ಮುಚ್ಚೋದು ಬೇಡ. ಮುಚ್ಚಿದ ಮೇಲೆ ಯಾರಾದ್ರೂ ನಿಜವಾಗಿ ಕರೆದ್ರೆ?"

ಗೋಡೆಯ ಗಡಿಯಾರ ಹಡಗಿನದು, ಹಿತ್ತಾಳೆಯದು. ಮುಖದ ಮೇಲೆ ಎರಡು ಕಡೆ ಕೆಂಪು ಬಣ್ಣದ ಹೋಳು, ಕಾಲು ಗಂಟೆಯ ಬಳಿ ಒಂದು, ಮುಕ್ಕಾಲು ಗಂಟೆಯ ಬಳಿ ಒಂದು. ಅದು ಏನೆಂದು ಅವರು ನನಗೆ ಹಿಂದೆಯೇ ಹೇಳಿದ್ದರು. ಆ ಮೂರು ಮೂರು ನಿಮಿಷ ಕಡಲಿನಲ್ಲಿ ಯಾವ ಹಡಗೂ ಮಾತಾಡುವ ಹಾಗಿಲ್ಲ. ಎಲ್ಲರೂ ಯಂತ್ರದಿಂದ ಕೈ ತೆಗೆದು ಕಿವಿ ಕೊಟ್ಟು ಕೂರಬೇಕು. ಮುಳುಗುತ್ತಿರುವವನ ದನಿ ಸಣ್ಣಗಿರುತ್ತದೆ.

"ಆ ಕೆಂಪಿನಲ್ಲಿ ಯಾರಾದ್ರೂ ಬಾಯಿ ಬಿಟ್ರೆ ಏನ್ ಮಾಡ್ತಿದ್ರಿ?" ಎಂದೆ.

"ಬಯ್ತಿದ್ವಿ. ಸುಮ್ನಿರು ಅಂತ."

"ಇವರಿಗೂ ಬಯ್ಯಿರಿ."

"ಅದು ಅಪಾಯದ ಕರೆಗೆ ಮಾತ್ರ."

"ಸುಮಿಯೆ ಸಾನ್‌ಗೆ ಎಷ್ಟು ವರ್ಷ ಈಗ?"

"ಎಂಬತ್ತೊಂದು."

"ಗಂಜಿ ಎಷ್ಟು ಕುಡೀತಾರೆ ಅಂದ್ರಿ?"

"ಅರ್ಧ ಬಟ್ಟಲು."

ಪೊಂಯ್ ಎಂದಿತು. ಅವರು ಗಡಿಯಾರ ನೋಡಲಿಲ್ಲ, ಬರೆಯಲೂ ಇಲ್ಲ. "ನಾಳೆ ಬರ್ತೀರಾ?" ಎಂದರು. ಹಲಗೆಗೆ ಮುದ್ರೆ ಒತ್ತಿ ನನ್ನ ಕೈಗೆ ಕೊಟ್ಟರು.

ಶುಕ್ರವಾರ ಊಟ ಮುಗಿಸಿ ಹೋದೆ. ನನ್ನ ಚಿತ್ರದ ಪುಸ್ತಕ, ಕನ್ನಡಕ, ಬೂತಾಯಿ ಮೀನು ಅರೆದು ಬೇಯಿಸಿದ ಕರಿ ಬಿಲ್ಲೆ ನಾಲ್ಕು. ನಾನು ಬೇಡವೆಂದರೂ ಮಾಸಾಯೊ ಹಿಂದೆಯೇ ಬಂದಳು.

"ಗಂಟೆ ಬಿಚ್ಚೋ ಪೂಜೆ ನಾನೂ ನೋಡ್ಬೇಕು," ಎಂದಳು.

ಮೊದಲು ಮೇಲಿನ ಬಲಮೂಲೆಯಲ್ಲಿ ಒಂದರ ಕೆಳಗೊಂದು ಮೂರು ಚುಕ್ಕೆ. ಅದನ್ನು ಒತ್ತಿದೆ. ಉದ್ದನೆಯ ಪಟ್ಟಿ ಇಳಿಯಿತು. ಅದರ ಕೆಳತುದಿಯ ಹತ್ತಿರ ಸೆಟ್ಟಿಂಗ್ಸ್. ಅಲ್ಲಿಂದ ಎಡಗಡೆ ಗುರಾಣಿಯ ಚಿತ್ರವಿರುವ ಸಾಲು, ಅದು ಖಾಸಗಿತನ ಮತ್ತು ಭದ್ರತೆ. ಅದರೊಳಗೆ ಸೈಟುಗಳ ಸೆಟ್ಟಿಂಗ್ಸ್. ಅದರೊಳಗೆ ಗಂಟೆಯ ಚಿತ್ರ.

"ನೋಡಿದ್ರಾ, ನಾನ್ ಹೇಳ್ಲಿಲ್ವಾ ಗಂಟೆ ಅಂತ!" ಎಂದಳು ಮಾಸಾಯೊ.

ಗಂಟೆ ಒತ್ತಿದರೆ ಒಂದು ಪುಟ. ಮೇಲೆ ಎರಡು ದಾರಿ ಇದ್ದವು: ಸೈಟುಗಳು ಕೇಳಬಹುದು, ಸೈಟುಗಳು ಕೇಳಬಾರದು. ಕೇಳಬಾರದು ಎನ್ನುವುದರ ಮೇಲೆ ಚುಕ್ಕೆ ಇಟ್ಟೆ. ಶಿಮೊಮುರಾ ಅವರ ಉಸಿರು ಕೇಳಿಸಿತು. ಕೆಳಗೆ ಇಳಿದರೆ ಅನುಮತಿ ಪಡೆದವರ ಪಟ್ಟಿ. ಎಲ್ಲ ಪರದೇಶದ ಅಕ್ಷರದ ವಿಳಾಸ. ಎಣಿಸಿದೆ. ಎಪ್ಪತ್ತೊಂದು.

"ಎಪ್ಪತ್ತೊಂದು!" ಎಂದಳು ಮಾಸಾಯೊ. "ನನ್ನ ಮದ್ವೆಗೂ ಅಷ್ಟು ಜನ ಬಂದಿರ್ಲಿಲ್ಲ."

ಇದರಲ್ಲಿ ಎಪ್ಪತ್ತು ಹೋಗಬೇಕು, ಒಂದು ಉಳಿಯಬೇಕು. ತಪ್ಪಿ ಆ ಒಂದನ್ನೇ ತೆಗೆದರೆ ಮುಂದಿನ ಗುರುವಾರವೂ ಹೋಯಿತು. ನಮ್ಮಿಬ್ಬರಿಗೂ ಆ ಅಕ್ಷರ ಬರುವುದಿಲ್ಲ. ಶಿಮೊಮುರಾ ಅವರಿಗೆ ಬರುತ್ತದೆ. ಜೀವನವಿಡೀ ಅದನ್ನು ಕಿವಿಯಿಂದ ಕೇಳಿ ಕೈಯಿಂದ ಬರೆದವರು. ಆರೈಕೆ ಮನೆಯ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು, ಅದರ ವಿಳಾಸದ ಒಂದೊಂದು ಅಕ್ಷರದ ಕೆಳಗೂ ಪೆನ್ಸಿಲಿನಿಂದ ಗುರುತು ಹಾಕಿದರು. ಆಮೇಲೆ ಪಟ್ಟಿಯ ಒಂದೊಂದು ಸಾಲನ್ನೂ ಪೂರ್ತಿ ಓದಿ "ಅಲ್ಲ" ಎನ್ನುತ್ತಿದ್ದರು. ಅಲ್ಲ ಎಂದ ಮೇಲೆ ನಾನು ಸಾಲಿನ ಕೊನೆಯ ಚುಕ್ಕೆ ಒತ್ತಿ, ತೆಗೆದುಹಾಕಿ ಎನ್ನುವುದನ್ನು ಒತ್ತುವುದು.

ಮೊದಲನೆಯದಕ್ಕೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ಹೇಳದೆ ಮುಚ್ಬಾರದು," ಎಂದರು.

"ಯಾರಿಗೆ ಹೇಳೋದು?"

ಅವರು ತೋರುಬೆರಳಿನಿಂದ ಮೇಜನ್ನು ಕುಟ್ಟಿದರು. ಗಿಡ್ಡ, ಗಿಡ್ಡ, ಗಿಡ್ಡ, ಉದ್ದ, ಗಿಡ್ಡ, ಉದ್ದ. ಹಡಗಿನ ಮೋರ್ಸ್ ಸಂಕೇತದಲ್ಲಿ ಮಾತು ಮುಗಿಯಿತು, ಮುಚ್ಚುತ್ತಿದ್ದೇನೆ ಎಂದು ಅರ್ಥವಂತೆ. ಕುಟ್ಟಿ ತಲೆಯಾಡಿಸಿದರು. ನಾನು ಒತ್ತಿದೆ. ಎಪ್ಪತ್ತು ಆಯಿತು.

ಹೀಗೆ ಒಂದೊಂದಕ್ಕೂ. ಓದುವುದು, ಅಲ್ಲ ಎನ್ನುವುದು, ಕುಟ್ಟುವುದು, ಒತ್ತುವುದು. ಹತ್ತು ಆಗುವಷ್ಟರಲ್ಲಿ ಮಾಸಾಯೊಗೆ ಸಾಕಾಯಿತು.

"ಅಯ್ಯೋ ಶಿಮೊಮುರಾ ಸಾನ್, ಕಳ್ಳರಿಗೂ ಬಾಗಿಲವರೆಗೂ ಬಂದು ನಮಸ್ಕಾರ ಹೇಳ್ತೀರಲ್ಲ! ಹೀಗಾದ್ರೆ ಹೊಸ ವರ್ಷದ ಅಕ್ಕಿ ಕಡುಬು ಇಲ್ಲೇ ತಿನ್ಬೇಕು."

"ನೀವು ಹೋಗ್ಬಹುದು ಕುರೆಬಾಯಾಶಿ ಸಾನ್."

"ಹೋಗ್ತೀನಾ? ಆ ಯುಮಿಕಾನ ಹೊರಗೆ ಹಾಕೋದನ್ನ ನೋಡ್ದೆ?"

ಮೂರು ಗಂಟೆಗೆ ಚಹಾ ಮಾಡಿದೆ. ಅವರು ಕರಿ ಬಿಲ್ಲೆ ಎರಡು ತಿಂದರು. ಆ ವಾರದಲ್ಲಿ ಅವರು ಬ್ರೆಡ್ ಬಿಟ್ಟು ಬೇರೆ ತಿಂದದ್ದು ಅದೇ ಇರಬೇಕು. ನಲವತ್ತನಾಲ್ಕನೆಯ ಸಾಲು ಓದುವಾಗ ಅವರು ಅಲ್ಲ ಎನ್ನಲಿಲ್ಲ. ಮತ್ತೆ ಮೊದಲಿಂದ ಓದಿದರು. ಕಾಗದದ ಮೇಲೆ ಬೆರಳು, ಪರದೆಯ ಮೇಲೆ ಬೆರಳು.

"ಇದು," ಎಂದರು.

ನಾನು ಅದನ್ನು ಮುಟ್ಟದೆ ಕೆಳಗೆ ಇಳಿದೆ. ಮುಂದೆ ಇಪ್ಪತ್ತೇಳು ಉಳಿದಿದ್ದವು. ಐದು ಗಂಟೆಗೆ ಊರಿನ ಧ್ವನಿವರ್ಧಕದಲ್ಲಿ ಸಂಜೆಯ ಹಾಡು ಬರುವ ಹೊತ್ತಿಗೆ ಪಟ್ಟಿಯಲ್ಲಿ ಒಂದೇ ಸಾಲು ಇತ್ತು.

ಮಾಸಾಯೊ ಎದ್ದು ಸೊಂಟ ಹಿಡಿದುಕೊಂಡಳು. "ಅಬ್ಬಾ, ಎಷ್ಟು ನಿಶ್ಶಬ್ದ. ಈಗ ನಿಮ್ಮ ಫ್ರಿಜ್ ಗೊರಕೆ ಕೇಳಿಸ್ತಾ ಇದೆ," ಎಂದಳು.

ಶನಿವಾರ ಬೆಳಗ್ಗೆ ಎಂಟಕ್ಕೆ ಶಿಮೊಮುರಾ ಅವರು ನನ್ನ ಬಾಗಿಲು ಬಡಿದರು. ಯಂತ್ರ ಕೆಟ್ಟಿರಬಹುದು, ಒಂದೂ ಬಂದಿಲ್ಲ ಎಂದರು. ಹತ್ತಿ ಹೋಗಿ ನೋಡಿದೆ. ಕೆಟ್ಟಿರಲಿಲ್ಲ. ಭಾನುವಾರ ಮತ್ತೆ ಬಂದರು. ಸೋಮವಾರ ಬರಲಿಲ್ಲ, ನಾನೇ ಹೋದೆ. ಅದೇ ಜಾಗದಲ್ಲಿ ಕೂತಿದ್ದರು. ಪುಸ್ತಕ ತೆರೆದಿತ್ತು, ಪುಟದ ಮೇಲೆ ತಾರೀಕು ಬಿಟ್ಟು ಏನೂ ಇರಲಿಲ್ಲ. ಅನ್ನ ಮಾಡಿದ್ದರು, ಅರ್ಧ ತಿಂದು ಮುಚ್ಚಿಟ್ಟಿದ್ದರು.

"ಏನ್ ಮಾಡ್ತಿದೀರಿ?"

"ಕೇಳ್ತಿದೀನಿ."

"ಗುರುವಾರವಲ್ವಾ ಬರೋದು."

"ಹೌದು," ಎಂದರು. ಹಾಗೇ ಕೂತರು. ನಾನೂ ಸ್ವಲ್ಪ ಹೊತ್ತು ಕೂತಿದ್ದೆ. ದಿನಕ್ಕೆ ಇನ್ನೂರು ಸಲ ಕರೆಯುತ್ತಿದ್ದವರಲ್ಲಿ ಒಬ್ಬರಿಗೂ ಇವರು ಬೇಕಾಗಿರಲಿಲ್ಲ ಎನ್ನುವುದು ಆ ನಾಲ್ಕು ದಿನದಲ್ಲಿ ಅವರಿಗೆ ತಿಳಿದಿರಬೇಕು.

ಗುರುವಾರ ಹತ್ತಕ್ಕೇ ಹೋದೆ. ಮಾಸಾಯೊ ಬಾಗಿಲ ಬಳಿಯೇ ನಿಂತಳು, ಚಪ್ಪಲಿ ಬಿಡಲಿಲ್ಲ. ಹತ್ತೂವರೆ ಆಯಿತು. ಹತ್ತು ನಲವತ್ತಾಯಿತು. ಬರಲಿಲ್ಲ. ಶಿಮೊಮುರಾ ಅವರ ಮುಖ ಬದಲಾಗಲಿಲ್ಲ. ನಾನು ಮನಸ್ಸಿನಲ್ಲೇ ನಲವತ್ತನಾಲ್ಕನೆಯ ಸಾಲನ್ನು ನೆನೆಸಿಕೊಂಡೆ. ಮುಟ್ಟಿರಲಿಲ್ಲ, ನಿಜವಾಗಿ ಮುಟ್ಟಿರಲಿಲ್ಲ.

ಹತ್ತು ಐವತ್ತೆರಡಕ್ಕೆ ಪೊಂಯ್ ಎಂದಿತು.

ಅವರ ಕೈ ಪೆನ್ಸಿಲಿಗೆ ಹೋಯಿತು. ಗಡಿಯಾರ ನೋಡಿದರು. ಹತ್ತು ಎಂದು ಬರೆದರು.

"ಮೊದ್ಲು ಒತ್ರೀ!" ಎಂದು ಬಾಗಿಲಿಂದ ಮಾಸಾಯೊ ಕೂಗಿದಳು. ಐದನೆಯ ಮಹಡಿಗೂ ಕೇಳಿಸಿತ್ತಂತೆ. "ಬರೆಯೋದು ಆಮೇಲೆ! ಮೊದ್ಲು ಒತ್ರೀ ಮಹಾರಾಯ್ರೇ!"

"ಮುಂದೆ ಎಷ್ಟಿದಾವೆ?" ಎಂದು ನಾನು ಮೆಲ್ಲಗೆ ಕೇಳಿದೆ.

ಅವರು ಪುಸ್ತಕ ನೋಡಿದರು. "ಒಂದೂ ಇಲ್ಲ."

"ಹಾಗಾದ್ರೆ ಇದರದೇ ಸರತಿ."

ಪೆನ್ಸಿಲ್ ಇಟ್ಟರು. ಒತ್ತಿದರು. ಶನಿವಾರ ಎರಡು ಗಂಟೆ, ಎರಡನೆಯ ಕುಟುಂಬ ಎಂದು ಬಂತು. ಆಮೇಲೆ ಪೆನ್ಸಿಲ್ ಎತ್ತಿ ಐವತ್ತೆರಡು ನಿಮಿಷ ಎಂದು ಬರೆದು ಸಾಲು ಮುಗಿಸಿದರು. ಅಕ್ಷರ ಎಂದಿನಂತೆ ಇತ್ತು.

ಶನಿವಾರ ಕೋಟು ಹಾಕಿಕೊಂಡು ಹೋದರು. ನಾಲ್ಕಕ್ಕೆ ಬಂದರು. ಮೆಟ್ಟಿಲಲ್ಲಿ ನನ್ನ ಬಾಗಿಲ ಮುಂದೆ ನಿಂತು ವರದಿ ಕೊಡುವವರ ಹಾಗೆ ಹೇಳಿದರು.

"ಮಲಗಿದ್ಲು. ಹದಿನೈದು ನಿಮಿಷಾನೂ ಮಲಗಿದ್ಲು. ಎಬ್ಬಿಸ್ಲಾ ಅಂತ ಹುಡುಗಿ ಕೇಳಿದ್ಲು. ಬೇಡ ಅಂದೆ. ಉಸಿರು ಸಮ ಇತ್ತು. ಎಡಗೈ ಹೊದಿಕೆಯಿಂದ ಹೊರಗಿತ್ತು."

"ಸೊರಗಿದಾರಾ?"

"ಸೊರಗಿದಾಳೆ."

ಅಷ್ಟೇ ಹೇಳಿ ಮೇಲಕ್ಕೆ ಹೋದರು.

ಮುಂದಿನ ಗುರುವಾರ ಮತ್ತೆ ಒತ್ತಿದರು. ಆ ಶನಿವಾರ ಸುಮಿಯೆಗೆ ಎಚ್ಚರವಿತ್ತು, ಗಾಜನ್ನು ನೋಡಲಿಲ್ಲ, ಸೂರು ನೋಡುತ್ತಿದ್ದಳಂತೆ. ಅದರ ಮುಂದಿನ ವಾರ ಏಳನೆಯವರಾದರು, ಸಿಗಲಿಲ್ಲ. ಅದಕ್ಕೆ ಅವರು ಏನೂ ಅನ್ನಲಿಲ್ಲ, ಯಾರೋ ಆರು ಜನ ಮೊದಲು ಒತ್ತಿದ್ದಾರೆ ಎಂದರು. ಡಿಸೆಂಬರಿನ ಮೂರನೆಯ ಶನಿವಾರ ಮತ್ತೆ ಸಿಕ್ಕಿತು. ಅವತ್ತು ತಿರುಗಿ ಬರುವುದು ತಡವಾಯಿತು. ಐದರ ಹಾಡು ಮುಗಿದಿತ್ತು. ಬಸ್ಸು ತಪ್ಪಿತೋ ಏನೋ ಎಂದು ನಾನೂ ಮಾಸಾಯೊವೂ ಮೆಟ್ಟಿಲ ಬುಡದಲ್ಲಿ ನಿಂತಿದ್ದೆವು.

ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಬಂದರು. ತಲೆ ನುಣ್ಣಗಿತ್ತು. ಕ್ಷೌರದಂಗಡಿಯ ಪುಡಿಯ ವಾಸನೆ.

"ಇದೇನ್ರೀ, ಸನ್ಯಾಸ ತಗೊಂಡ್ರಾ?" ಎಂದಳು ಮಾಸಾಯೊ.

"ಇವತ್ತು ನನ್ನ ಕಡೆ ನೋಡಿದ್ಲು," ಎಂದರು ಶಿಮೊಮುರಾ ಅವರು. "ಫೋನಿನ ಹಾಗೆ ಒಂದು ಕೊಡ್ತಾರಲ್ಲ ಗಾಜಿನ ಈ ಕಡೆ, ಅದರಲ್ಲಿ ಮಾತಾಡಿದ್ಲು. ಕೂದಲು ಇಷ್ಟು ಬೆಳೆಸ್ಕೊಂಡು ಹಡಗಿಂದ ಇಳಿದಿದೀಯಲ್ಲ, ನಾಚಿಕೆ ಇಲ್ವಾ, ಹೋಗಿ ತೆಗೆಸ್ಕೋ ಅಂದ್ಲು."

"ನಿಮ್ಮನ್ನ ಗುರುತು ಹಿಡಿದ್ರು ಅನ್ನಿ!"

ಅವರು ಯೋಚಿಸಿದರು. ಸುಳ್ಳು ಹೇಳುವವರಲ್ಲ.

"ಗೊತ್ತಿಲ್ಲ. ನನ್ನ ಜೊತೆ ಯಾವತ್ತೂ ಏಕವಚನದಲ್ಲಿ ಮಾತಾಡಿದವಳಲ್ಲ. ಅವಳ ತಮ್ಮನೂ ಹಡಗಿನಲ್ಲಿದ್ದ. ಅವನು ಅಂದ್ಕೊಂಡಿರಬಹುದು."

"ಮತ್ತೆ ಯಾಕೆ ತೆಗೆಸಿದ್ರಿ?"

"ಹೇಳಿದ್ಲಲ್ಲ," ಎಂದರು. ಟೊಪ್ಪಿಗೆ ತಲೆಗೆ ಹಾಕಿಕೊಂಡು, ಕಂಬಿ ಹಿಡಿದು ಮೂರನೆಯ ಮಹಡಿಗೆ ಹತ್ತಿದರು. ಸ್ವಲ್ಪ ಹೊತ್ತಿನಲ್ಲಿ ನನ್ನ ತಲೆಯ ಮೇಲೆ ಅಕ್ಕಿ ತೊಳೆಯುವ ನೀರಿನ ಸದ್ದು ಕೇಳಿಸಿತು.